ಆಪರೇಷನ್‌ಗೆ ಮುಂಚೆ ಆಡಿಯೋಗ್ರಾಮ್ ನೋಡಿ

ಕಿವಿ ಮಂದವಾಗಿಸುವ ಓಟೋಸ್ಕ್ಲೆರೋಸಿಸ್ ಎಂಬ ಕಾಯಿಲೆ‌ಗೆ ಆಪರೇಷನ್ ಮಾಡಿಸಿದರೆ ಕಿವಿ ಮೊದಲಿನಂತಾಗುತ್ತದೆ ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಬಹಳಷ್ಟು ಜನರಿಗೆ ಚೆನ್ನಾಗಿ ಕೇಳಿಸುತ್ತದೆ, ನಿಜ. ಆದರೆ ಯಾರಿಗೆ ಎಷ್ಟು ಅನ್ನುವುದು ಕಿವಿ ಪರೀಕ್ಷೆಯ ನಕ್ಷೆಯಾದ ಆಡಿಯೋಗ್ರಾಮ್ ನೋಡಿದರೇ ಗೊತ್ತಾಗುವುದು. ಅದರ ಬಗ್ಗೆ ಒಂದು ಸಾಲೂ ಇಲ್ವಲ್ಲ!

ಈ ಕಾಯಿಲೆಯಲ್ಲಿ ಮಧ್ಯಕಿವಿಯ ಸ್ಟೇಪಿಸ್ ಎಂಬ ಪುಟ್ಟ ಮೂಳೆ ಅಲುಗಾಡದೆ ಕಚ್ಚಿಕೊಳ್ಳುತ್ತದೆ. ಹೆಡ್‌ಫೋನಿನಲ್ಲಿ ಸದ್ದು ಕೊಟ್ಟರೆ ಸರಿಯಾಗಿ ಕೇಳಿಸುವುದಿಲ್ಲ. ಕಿವಿ ಹಿಂದಿನ ಮೂಳೆಯ ಮೂಲಕ ಕೊಟ್ಟರೆ ಚೆನ್ನಾಗಿ ಕೇಳಿಸುತ್ತದೆ. ಆಡಿಯೋಗ್ರಾಮ್‌ನಲ್ಲಿ ಹೀಗೆ ಎರಡು ಬಗೆಯಲ್ಲಿ ಕೇಳಿಸಿದ್ದನ್ನು ತೋರಿಸುವ ಎರಡು ಗೆರೆಗಳ ನಡುವೆ ಕಾಣುವ ಅಂತರವನ್ನಷ್ಟೇ ಆಪರೇಷನ್ ಮುಚ್ಚುವುದು. ಒಳಕಿವಿಯೇ ಸೋತಿದ್ದರೆ ಆ ಭಾಗ ವಾಪಸ್ ಬರುವುದಿಲ್ಲ. ಒಂದು ವಿಷಯಕ್ಕೆ ಮಾತ್ರ ಸುಮ್ನೆ ಹೆದರಬೇಡಿ. ಮೂಳೆಯ ಮೂಲಕ ಕೇಳಿಸಿದ್ದರ ಗೆರೆಯಲ್ಲಿ 2000 ಹರ್ಟ್ಸ್ ಹತ್ತಿರ ಒಳಕಿವಿ ಸೋತಂತೆ ಒಂದು ತಗ್ಗು ಕಾಣಬಹುದು. ಕಾರ್ಹಾರ್ಟ್ ನಾಚ್ ಅಂತಾರೆ. ಅದು ಹೆಚ್ಚಾಗಿ ಕಚ್ಚಿಕೊಂಡ ಮೂಳೆಯಿಂದಲೇ ಬಂದಿರುತ್ತದೆ, ಆಪರೇಷನ್ ಆದಮೇಲೆ ಕಡಿಮೆಯಾಗುತ್ತದೆ.

ಪಳಗಿದ ಸರ್ಜನ್ ಮಾಡಿದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಅಂತರ 10 ಡೆಸಿಬೆಲ್ ಒಳಗೆ ಇಳಿಯುತ್ತದೆ. ನೂರರಲ್ಲಿ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವ ಅಪಾಯವೂ ಇದೆ. ಅದಕ್ಕೇ ಡಾಕ್ಟರು ಸಾಮಾನ್ಯವಾಗಿ ಜಾಸ್ತಿ ಮಂದವಾಗಿರುವ ಕಿವಿಗೆ ಮೊದಲು ಮಾಡುವುದು. ನಮ್ಮ ಅಕ್ಕನಿಗೆ ಕೇಳಿಸುವುದು ಬೇಗ ಸುಧಾರಿಸಿತು, ಆದರೆ ಕೆಲವು ವಾರ ನಾಲಿಗೆಯ ಒಂದು ಬದಿಗೆ ರುಚಿಯೇ ಸರಿ ಇರಲಿಲ್ಲ. ರುಚಿಯ ನರ ಮಧ್ಯಕಿವಿಯಲ್ಲೇ ಹಾದು ಹೋಗುತ್ತದೆ. ಸಾರಿಗೆ ಉಪ್ಪು ಜಾಸ್ತಿ ಬೀಳುತ್ತಿತ್ತು, ತಿಂದವರು ನಾವು! ಆಪರೇಷನ್ ಬೇಡ ಅನ್ನುವವರಿಗೆ ಹಿಯರಿಂಗ್ ಏಡ್ ಕೂಡ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅದನ್ನೂ ಬರೆಯಬಹುದಿತ್ತು, ಅಲ್ವಾ?