ಮೂರು ಸಂಬಳದ ಗಂಡ

ಮನುಷ್ಯ ಒಬ್ಬನೇ, ಸಂಬಳ ಮಾತ್ರ ಮೂರು. ಹೆಣ್ಣು ನೋಡಲು ಹೋದಾಗ ಬೀಗರಿಗೆ ಹೇಳುವುದು ಒಂದು, ಮನೆ ಸಾಲದ ಅರ್ಜಿಯಲ್ಲಿ ಬ್ಯಾಂಕಿಗೆ ಬರೆದುಕೊಡುವುದು ಒಂದು, ವಿಚ್ಛೇದನದ ಕೇಸಿನಲ್ಲಿ ಹೆಂಡತಿ ಜೀವನಾಂಶ ಕೇಳಿದಾಗ ಪ್ರಮಾಣ ಮಾಡಿ ಹೇಳುವುದು ಇನ್ನೊಂದು. ಮೊದಲನೆಯದರಲ್ಲಿ ಬೋನಸ್ಸು, ಶೇರು, ಊರಿನ ಅಡಿಕೆ ತೋಟ ಎಲ್ಲವೂ ಸೇರಿರುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ತೋಟ ಅಣ್ಣನದು, ಕಾರು ಕಂಪನಿಯದು, ಮನೆ ಅಪ್ಪನದು. ಇವನದೇನಿದ್ದರೂ ಸೋದರಮಾವನ ಹತ್ತಿರ ಮಾಡಿದ ಎಂಟು ಲಕ್ಷದ ಕೈಸಾಲ. ಅದಕ್ಕೆ ಚೀಟಿಯೂ ಇಲ್ಲ, ಚೆಕ್ಕೂ ಇಲ್ಲ.

ಈ ದಿಢೀರ್ ದಾರಿದ್ರ್ಯಕ್ಕೆ ಮದ್ದೆಂದೇ 2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಆಸ್ತಿ ಮತ್ತು ಸಾಲದ ಪ್ರಮಾಣಪತ್ರವನ್ನು ಇಬ್ಬರಿಗೂ ಕಡ್ಡಾಯ ಮಾಡಿತು. ಉತ್ತರ ಹಾಕಲು ನಾಲ್ಕು ವಾರ, ಮುಂದೂಡಿಕೆ ಎರಡೇ ಸಲ, ಬೇಕೆಂದೇ ಎಳೆದರೆ ಪ್ರತಿವಾದವನ್ನೇ ಹೊಡೆದುಹಾಕಬಹುದು. ಆ ಪ್ರಕರಣದ್ದೂ ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವ ತನಕದ ಖರ್ಚಿನ, ಅರ್ಜಿಯೇ. ಹಾಕಿದ್ದು 2013ರಲ್ಲಿ. ಸಿನಿಮಾದಲ್ಲಿ ಮಧ್ಯಂತರವೆಂದರೆ ಹತ್ತು ನಿಮಿಷ, ಕೋರ್ಟಿನಲ್ಲಿ ಏಳು ವರ್ಷ.

ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನ ಪ್ರಕಾರ ನೋಟಿಸು ಮುಟ್ಟಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಇಂಥ ಅರ್ಜಿ ತೀರ್ಮಾನವಾಗಬೇಕು. ಇಡೀ ಕಲಮಿನಲ್ಲಿ ಚಾಚೂ ತಪ್ಪದೆ ಪಾಲನೆಯಾಗುವುದು ಈ 'ಆದಷ್ಟು ಮಟ್ಟಿಗೆ' ಒಂದೇ. ಮೊದಲ ತಾರೀಖಿಗೆ ವಕಾಲತ್ತು, ಎರಡನೆಯದಕ್ಕೆ 'ಅರ್ಜಿಯ ಪ್ರತಿ ಸಿಕ್ಕಿಲ್ಲ ಸ್ವಾಮಿ', ಮೂರನೆಯದಕ್ಕೆ ಮಧ್ಯಸ್ಥಿಕೆ, ನಾಲ್ಕನೆಯದಕ್ಕೆ ಸಾಹೇಬರು ರಜೆ. ಅಲ್ಲಿಗೆ ಮಗುವಿನ ಎರಡನೇ ಕಂತಿನ ಸ್ಕೂಲ್ ಫೀಸು ಬಂತು.

ಕೊನೆಗೆ ಬರುವ ಪ್ರಮಾಣಪತ್ರ ನೋಡಬೇಕು. ಮದುವೆಯಾದ ಮೇಲೆ ಪರಭಾರೆ ಮಾಡಿದ ಆಸ್ತಿ ಯಾವುದು, ಕಾರಣವೇನು ಎಂಬ ಪ್ರಶ್ನೆಯೂ ಅದರಲ್ಲಿದೆ. ಉತ್ತರ: 'ಅನ್ವಯಿಸುವುದಿಲ್ಲ'. ನೋಟಿಸು ಬಂದ ವಾರದಲ್ಲೇ ಅಣ್ಣನ ಹೆಸರಿಗೆ ಪಾಲು ಬಿಟ್ಟುಕೊಟ್ಟು ನೋಂದಾಯಿಸಿದ ಹಕ್ಕು ಖುಲಾಸೆ ಪತ್ರ ಮಾತ್ರ, ಆಸ್ತಿಯ ನೋಂದಣಿಗಳ ಪಟ್ಟಿಯಾದ ಋಣಭಾರ ಪತ್ರದಲ್ಲಿ ತಾರೀಖು ಸಮೇತ ಕೂತಿರುತ್ತದೆ. ಆದರೆ ಅದನ್ನೋ ಪಹಣಿಯನ್ನೋ ತೆಗೆಸಲು ಸರ್ವೆ ನಂಬರ್ ಬೇಕು. ಮದುವೆಗೆ ಮುಂಚೆ ಬೀಗರು ತೋಟ ತೋರಿಸಿದಾಗ ಎಳನೀರು ಕುಡಿದು ಬಂದವರು ಈಗ ಪರದಾಡುತ್ತಾರೆ. ಸರ್ವೆ ನಂಬರ್ ಕೇಳಿ ಬರೆದುಕೊಂಡವರೇ ಜಾಣರು.

ಸಂಬಳದ ಚೀಟಿಯದು ಇನ್ನೊಂದು ಕಥೆ. ಒಟ್ಟು ಒಂದೂಕಾಲು ಲಕ್ಷ. ಕಾರಿನ ಕಂತು, ಸೊಸೈಟಿ ಸಾಲ, ತಾನೇ ಏರಿಸಿಕೊಂಡ ಪಿಎಫ್, ಚೀಟಿ ಫಂಡು ಎಲ್ಲ ಕಳೆದು ಕೈಗೆ 3,200. ಕಾನೂನು ಕಡ್ಡಾಯ ಮಾಡಿದ ಕಡಿತ ಬೇರೆ, ತಾನೇ ಮೈಮೇಲೆ ಎಳೆದುಕೊಂಡ ಕಂತು ಬೇರೆ ಎಂದು ಕೋರ್ಟುಗಳು ಹೇಳುತ್ತಲೇ ಬಂದಿವೆ. ಇಂಥವನಿಗೆ ಪಾಟೀಸವಾಲಿಗಿಂತ ಅವನದೇ ಕೈಬರಹ ವಾಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶದಡಿ ದಾಖಲೆ ಹಾಜರುಪಡಿಸಲು ಅರ್ಜಿ ಹಾಕಿ, ಬ್ಯಾಂಕಿನ ಸಾಲದ ಅರ್ಜಿಯನ್ನೂ ವರ್ಷದಲ್ಲಿ ಕಡಿತವಾದ ತೆರಿಗೆ ತೋರಿಸುವ ಆದಾಯ ತೆರಿಗೆಯ 26ಎಎಸ್ ನಮೂನೆಯನ್ನೂ ತರಿಸಿದರೆ ಸಾಕು. ಸಾಲ ಬೇಕಾದಾಗ ಯಾರೂ ಬಡವರಾಗಿರುವುದಿಲ್ಲ.

ಆಚೆ ಕಡೆಯೂ ಕಲೆಗೇನು ಕಡಿಮೆಯಿಲ್ಲ. ಎಂಬಿಎ ಮಾಡಿ ಎಂಟು ವರ್ಷ ದುಡಿದಾಕೆ ಪ್ರಮಾಣಪತ್ರದಲ್ಲಿ ಒಲೆ ಬಿಟ್ಟು ಬೇರೇನೂ ಅರಿಯದ ಗೃಹಿಣಿ. 2024ರ ಆಗಸ್ಟಿನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ತಿಂಗಳಿಗೆ 6,16,300 ರೂಪಾಯಿ ಖರ್ಚಿನ ಪಟ್ಟಿ ಬಂದಿತ್ತು. ಅಷ್ಟೊಂದು ಖರ್ಚು ಮಾಡುವುದಾದರೆ ದುಡಿದು ಮಾಡಲಿ ಎಂದರು ನ್ಯಾಯಮೂರ್ತಿಗಳು. ಆರು ಲಕ್ಷ ಹೇಗೋ ಅರ್ಥವಾದೀತು, ಕೊನೆಯ ಆ 300 ರೂಪಾಯಿಯ ಪ್ರಾಮಾಣಿಕತೆಗೆ ಕೈ ಮುಗಿಯಬೇಕು.

ಆದೇಶವಾದರೆ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ. ತಿಂಗಳಿಗೆ 15,000 ಎಂದರೆ ಎರಡೂವರೆ ವರ್ಷಕ್ಕೆ ನಾಲ್ಕೂವರೆ ಲಕ್ಷ ಬಾಕಿ. ಅಪರಾಧ ಪ್ರಕ್ರಿಯೆಯ ಕಾನೂನಿನಡಿ, ಅಂದರೆ ಹಳೆಯ 125, ಈಗಿನ 144ನೇ ಕಲಮಿನಡಿ ಆದೇಶವಾಗಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ವಾರಂಟು ಸಿಗುವುದಿಲ್ಲ. ಗೊತ್ತಿಲ್ಲದೆ ಕಾದವರಿಗೆ ಕಾದದ್ದೇ ಬಂತು.

ಕೊಡುವವರ ದೊಡ್ಡಸ್ತಿಕೆಯನ್ನೂ ಹೇಳಬೇಕಲ್ಲ. 2024ರ ಡಿಸೆಂಬರಿನಲ್ಲಿ ಕೊಯಮತ್ತೂರಿನ ನ್ಯಾಯಾಲಯಕ್ಕೆ ಒಬ್ಬರು ಜೀವನಾಂಶದ 80,000 ರೂಪಾಯಿಯನ್ನು ಒಂದು, ಎರಡು ರೂಪಾಯಿ ನಾಣ್ಯಗಳಲ್ಲಿ 20 ಚೀಲ ತುಂಬಿ ತಂದರು. 2011ರ ನಾಣ್ಯ ಕಾಯ್ದೆಯ ಪ್ರಕಾರ ಒಂದು ಸಲಕ್ಕೆ ಸಾವಿರ ರೂಪಾಯಿ ದಾಟಿದ ಚಿಲ್ಲರೆಯನ್ನು ಯಾರೂ ತೆಗೆದುಕೊಳ್ಳಲೇಬೇಕೆಂದಿಲ್ಲ. ನ್ಯಾಯಾಧೀಶರು ನೋಟು ಮಾಡಿಸಿಕೊಂಡು ಬಾ ಎಂದರು. ಚೀಲಗಳು ಮತ್ತೆ ಕಾರು ಹತ್ತಿದವು.