ಹೊಸದು ಬಂತಂತ ಓಡಬ್ಯಾಡ್ರಿ, ಮೊದಲು ತಾರೀಖು ನೋಡ್ರಿ

ವೆಬ್ ಕೆಲಸದಲ್ಲಿ ಅಪ್‌ಡೇಟ್ ಆಗಿರೋದು ಅಂದ್ರೆ ದಿನಾ ರೋಡ್‌ಮ್ಯಾಪ್ ವಿಡಿಯೊ ನೋಡೋದಲ್ಲ. ಲಕ್ಷಗಟ್ಟಲೆ ವ್ಯೂಸ್ ಇರೋ ಎಷ್ಟೋ ರಿಯಾಕ್ಟ್ (ವೆಬ್ ಪುಟ ಕಟ್ಟೋ ಜಾವಾಸ್ಕ್ರಿಪ್ಟ್ ಲೈಬ್ರರಿ) ಪಾಠ ಈಗಲೂ ಪ್ರಾಜೆಕ್ಟ್ ಶುರುಮಾಡಿ ಕೊಡೋ ಹಳೇ ಟೂಲ್ ‘ಕ್ರಿಯೇಟ್ ರಿಯಾಕ್ಟ್ ಆ್ಯಪ್’ನಿಂದಲೇ ಶುರುವಾಗ್ತವೆ. ಹೊಸ ಪ್ರಾಜೆಕ್ಟಿಗೆ ಅದು ಬೇಡ ಅಂತ ರಿಯಾಕ್ಟ್ ತಂಡವೇ 2025ರ ಫೆಬ್ರುವರಿಯಲ್ಲಿ ಹೇಳಿಬಿಟ್ಟಿದೆ. ಕಲಿಯೋಕೆ ಅದೇ ಕೆಲಸ ಮಾಡೋ ‘ವೀಟ್’ ಅನ್ನೋ ಟೂಲ್ ಸಾಕು.

ಓದೋದಕ್ಕೆ ವಾರಕ್ಕೊಂದು ಇಮೇಲ್ ಪತ್ರಿಕೆ ಬೇಕಾದಷ್ಟಾಯ್ತು. ‘ಜಾವಾಸ್ಕ್ರಿಪ್ಟ್ ವೀಕ್ಲಿ’ ಇಲ್ಲವೇ ‘ಫ್ರಂಟೆಂಡ್ ಫೋಕಸ್’, ಎರಡೂ ಪುಕ್ಕಟೆ. ಎಲ್ಲ ಲಿಂಕ್ ತೆರೀಬ್ಯಾಡ್ರಿ. ತಲೆಬರಹದ ಮೇಲೆ ಕಣ್ಣಾಡಿಸಿ, ಕೈಯಲ್ಲಿರೋ ಕೆಲಸಕ್ಕೆ ಬರೋ ಒಂದೆರಡನ್ನ ಓದ್ರಿ. ‘ಸ್ಪಾನ್ಸರ್’ ಅಂತ ಇದ್ದದ್ದು ಜಾಹೀರಾತು. ಉದ್ದನೆ ಲೇಖನ ಬೇಕಂದ್ರೆ 2006ರಿಂದ ಬರ್ತಿರೋ ‘ಸ್ಮ್ಯಾಶಿಂಗ್ ಮ್ಯಾಗಜೀನ್’ ಇದೆ. ಪುಟದ ಅಂದ, ಅಳತೆ ಹೇಳೋ ಭಾಷೆ ಸಿಎಸ್‌ಎಸ್. ಅದನ್ನ ಕಲಿಸೋ ‘ಸಿಎಸ್‌ಎಸ್-ಟ್ರಿಕ್ಸ್’ ಸೈಟಿನ ಫ್ಲೆಕ್ಸ್‌ಬಾಕ್ಸ್ (ಪುಟದ ಭಾಗಗಳನ್ನ ಜೋಡಿಸೋ ವಿಧಾನ) ಗೈಡ್ ಇವತ್ತಿಗೂ ಚೊಲೋ. ಆದ್ರೆ ಗೂಗಲ್ ಅದೇ ಸೈಟಿನ ಹಳೇ ಲೇಖನಕ್ಕೆ ಕರ್ಕೊಂಡು ಹೋದ್ರೆ ಹಳೇ ಪದ್ಧತಿಯ ಫ್ಲೋಟ್ ಹಾಕಿ ಲೇಔಟ್ ಮಾಡೋದು ಕಲಿತು ಕೂಡ್ತೀರಿ.

ಇವೆಲ್ಲಕ್ಕಿಂತ ಮುಖ್ಯ ಎಂಡಿಎನ್, ವೆಬ್ ಭಾಷೆಗಳ ವಿವರ ಕೊಡೋ ಸೈಟು. ಯಾವುದಾದರೂ ಸಿಎಸ್‌ಎಸ್ ಪ್ರಾಪರ್ಟಿಯ ಪುಟ ತೆರೀರಿ. ತಲೆಬರಹದ ಕೆಳಗೇ ‘ಬೇಸ್‌ಲೈನ್’ ಅನ್ನೋ ಪಟ್ಟಿ ಕಾಣುತ್ತೆ. ನೀಲಿ ಗುರುತಿದ್ರೆ ಕ್ರೋಮ್, ಎಡ್ಜ್, ಫೈರ್‌ಫಾಕ್ಸ್, ಸಫಾರಿ ನಾಲ್ಕಕ್ಕೂ ಈಚೆಗೆ ಬಂದಿದೆ ಅಂತ. ಹಾಗೆ ಬಂದು 30 ತಿಂಗಳಾದ ಮೇಲೆ ಅದು ಹಸಿರಾಗುತ್ತೆ. ಲಿಮಿಟೆಡ್ ಅಂತಿದ್ರೆ ಎಲ್ಲ ಬ್ರೌಸರಿಗೂ ಬಂದಿಲ್ಲ ಅಂತ, ಗಿರಾಕಿ ಸೈಟಿಗೆ ಹಾಕೋ ಮುಂಚೆ ಬದಲಿ ದಾರಿ ಬರೆದಿಡ್ರಿ.

ಗಂಗಾವತಿಯ ಅಕ್ಕಿ ವ್ಯಾಪಾರಿಗೋ ಆನೆಗೊಂದಿಯ ಹೋಮ್‌ಸ್ಟೇಗೋ ಸೈಟ್ ಮಾಡೋರಿಗೆ ಇದು ಬರೇ ಥಿಯರಿ ಅಲ್ಲ. ಆಂಡ್ರಾಯ್ಡ್ 7ರ ಫೋನಿನಲ್ಲಿ ಕ್ರೋಮ್ 119ಕ್ಕೇ ನಿಂತಿದೆ, ಮುಂದಿನ ಅಪ್‌ಡೇಟ್ ಬರೋದಿಲ್ಲ. ಸಿಎಸ್‌ಎಸ್ ನೆಸ್ಟಿಂಗ್ (ಒಂದು ನಿಯಮದೊಳಗೆ ಇನ್ನೊಂದು ಬರೆಯೋದು) ಕ್ರೋಮಿಗೆ 112ರಲ್ಲೇ ಬಂತು ನಿಜ, ಆದ್ರೆ ಒಳಗಿನ ಟ್ಯಾಗ್ ಹೆಸರನ್ನ ಹಾಗೇ ಬರೆಯೋ ಅನುಕೂಲ ಬಂದದ್ದು 120ರಲ್ಲಿ. ದರದ ಸಾಲಿಗಂತ ಕಾರ್ಡ್ ಕ್ಲಾಸಿನೊಳಗೆ ಬರೇ ‘ಪಿ’ (ಪ್ಯಾರಾದ ಟ್ಯಾಗ್) ಅಂತ ಬರೆದ್ರೆ ಆ ಫೋನು ಆ ನಿಯಮವನ್ನ ತೆಪ್ಪಗೆ ಬಿಟ್ಟು ಮುಂದೆ ಹೋಗುತ್ತೆ. ಪುಟ ಒಡೆಯೋದಿಲ್ಲ, ದರದ ಸಾಲು ಮಾತ್ರ ಬಣ್ಣ, ಅಳತೆ ಏನೂ ಇಲ್ಲದೆ ಬೋಳಾಗಿ ಕಾಣುತ್ತೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎಲ್ಲಾ ಸರಿ ಇರೋದರಿಂದ ತಪ್ಪು ಎಲ್ಲಿದೆ ಅಂತ ಹುಡುಕೋದೇ ತಲೆನೋವು. ‘ಪಿ’ಗಿಂತ ಮೊದಲು ಆಂಪರ್‌ಸ್ಯಾಂಡ್ (&), ಒಂದು ಸ್ಪೇಸ್ ಹಾಕಿದ್ರೆ ಮುಗೀತು.

ಇಂಥ ಸೂಕ್ಷ್ಮ, ಯಾವ ಬ್ರೌಸರಿನಲ್ಲಿ ಏನು ನಡೆಯುತ್ತೆ ಅಂತ ತೋರಿಸೋ ‘ಕ್ಯಾನ್ ಐ ಯೂಸ್’ ಸೈಟಿನಲ್ಲಿ ಸಿಗುತ್ತೆ. ಬಣ್ಣ ನೋಡಿ ಎದ್ದು ಬರಬ್ಯಾಡ್ರಿ, ವರ್ಶನ್ ಚೌಕದ ಮೇಲಿರೋ ಸಣ್ಣ ಅಂಕಿಯ ಟಿಪ್ಪಣಿ ಓದ್ರಿ. ಹೊಸ ಫೀಚರ್ ಬಂದ ದಿನವೇ ಪೋಸ್ಟ್ ಹಾಕೋ ಉತ್ಸಾಹಿಗಳಿಗೆ ಈ ಟಿಪ್ಪಣಿ ಓದೋ ಪುರುಸೊತ್ತು ಇರೋದಿಲ್ಲ ಬಿಡ್ರಿ.

ಬ್ಯಾಕೆಂಡ್ (ಸರ್ವರ್) ಕಡೆಯವರಿಗೆ ಒಂದೇ ಮಾತು: ಗಿರಾಕಿ ಕೆಲಸಕ್ಕೆ ನೋಡ್‌ನ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋ ಸಾಫ್ಟ್‌ವೇರ್) ಎಲ್‌ಟಿಎಸ್, ಅಂದ್ರೆ ಬಹಳ ಕಾಲ ಅಪ್‌ಡೇಟ್ ಸಿಗೋ ವರ್ಶನ್ನೇ ಹಾಕ್ರಿ.

ಕರೆಂಟು ಹೋಗಿ ವೈಫೈ ನಿಂತಾಗ ಇಂಥ ವಿವರಗಳನ್ನೆಲ್ಲ ಒಂದೇ ಕಡೆ ಇಟ್ಟಿರೋ ‘ಡೆವ್‌ಡಾಕ್ಸ್’ ಸೈಟು ಕೈ ಹಿಡಿಯುತ್ತೆ. ನೆಟ್ ಇದ್ದಾಗಲೇ ಅದರ ಮೆನುವಿನಲ್ಲಿ ‘ಆಫ್‌ಲೈನ್ ಡೇಟಾ’ಕ್ಕೆ ಹೋಗಿ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮುಂದಿನ ‘ಇನ್‌ಸ್ಟಾಲ್’ ಒತ್ತಿಡ್ರಿ. ಆಮೇಲೆ ವೈಫೈ ಆರಿಸಿ ಒಮ್ಮೆ ತೆರೆದು ನೋಡ್ರಿ. ಇನ್‌ಕಾಗ್ನಿಟೋ ಕಿಟಕಿಯಲ್ಲಿ ಮಾಡಿದ್ರೆ ಉಳಿಯೋದಿಲ್ಲ, ಬ್ರೌಸರಿನ ಸೈಟ್ ಡೇಟಾ ಅಳಿಸಿದ್ರೂ ಮತ್ತೆ ಮೊದಲಿಂದ ಇಳಿಸ್ಕೋಬೇಕು.