ದೋಸೆ ಗಡಿ ದಾಟಲಿಲ್ಲ

"ಸ್ವಿಸ್ಸಾ? ಮುಡಿಯಾದು ತಂಬಿ." ಆಗಲ್ಲ ತಮ್ಮಾ ಅಂತ ತಮಿಳಲ್ಲಿ ಅಷ್ಟು ಹೇಳಿ ಹೋಟೆಲಿನವರು ಫೋನ್ ಇಟ್ಟೇಬಿಟ್ಟರು.

ನಾನು ಕೇಳಿದ್ದು ಎರಡು ಮಸಾಲೆ ದೋಸೆ. ನಮ್ಮ ಮನೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಕ್ಲೈನ್‌ಹ್ಯೂನಿಂಗನ್‌ನಲ್ಲಿ. ಆ ಶ್ರೀಲಂಕಾ ತಮಿಳರ ಹೋಟೆಲು ಜರ್ಮನಿಯ ವೈಲ್ ಆಮ್ ರೈನ್‌ನಲ್ಲಿ. ಬೇರೆ ದೇಶ ನಿಜ, ಆದರೆ ಎಂಟನೇ ನಂಬರ್ ಟ್ರಾಮ್ ಹತ್ತಿದರೆ ಕೆಲವೇ ನಿಮಿಷ. ಹೊರಗೆ ಮಳೆ. ಹೆಂಡತಿಗೆ ಜ್ವರ ಬಂದು ಬಾಯಿ ಕೆಟ್ಟಿತ್ತು. ವೈಲ್ ಊರೊಳಗೆ ಎಲ್ಲಿಗೆ ಬೇಕಾದರೂ ತಂದು ಕೊಡುತ್ತಾರಂತೆ. ಗಡಿ ದಾಟಿ ಮಾತ್ರ ಬರುವುದಿಲ್ಲ.

ಕಾರಣ ಗೊತ್ತಿಲ್ಲದ್ದೇನಲ್ಲ. ಸ್ವಿಟ್ಜರ್ಲೆಂಡ್ 2008ರಲ್ಲೇ ಷೆಂಗೆನ್ ಅನ್ನುವ, ಗಡಿಯಲ್ಲಿ ಪಾಸ್‌ಪೋರ್ಟ್ ಕೇಳದ ದೇಶಗಳ ಕೂಟ ಸೇರಿದೆ, ಆದರೆ ಯುರೋಪಿಯನ್ ಒಕ್ಕೂಟದ ಒಳಗಿಲ್ಲ. ಹಾಗಾಗಿ ಜನ ಸಲೀಸಾಗಿ ಓಡಾಡುತ್ತಾರೆ, ಸಾಮಾನಿಗೆ ಮಾತ್ರ ಸುಂಕದ ಗಡಿ ಹಾಗೇ ಇದೆ. ಹೋಟೆಲಿನವರು ಮಾರಿ ಕಳಿಸಿದರೆ ಅದು ಆಮದು, ಕಸ್ಟಮ್ಸ್‌ಗೆ ಲೆಕ್ಕ ಕೊಡಬೇಕು. ಎರಡು ದೋಸೆಗೆ! ನಾನೇ ಹೋಗಿ ತಂದರೆ ತಕರಾರಿಲ್ಲ. ಸ್ವಂತಕ್ಕೋ, ಯಾರಿಗಾದರೂ ಸುಮ್ನೆ ಕೊಡುವುದಕ್ಕೋ ತಂದದ್ದಾದರೆ ದಿನಕ್ಕೆ ತಲೆಗೆ 150 ಫ್ರಾಂಕ್‌ವರೆಗೆ ತೆರಿಗೆ ಇಲ್ಲ. 2025ಕ್ಕೆ ಮುಂಚೆ 300 ಇತ್ತು. ಅದೇ ದೋಸೆ, ಅದೇ ದಾರಿ, ಹಿಡಿದ ಕೈ ಮಾತ್ರ ಬೇರೆ.

ಊರಲ್ಲಿ ನಮ್ಮ ಮನೆ ತಲಪಾಡಿ. ಅಜ್ಜಿ ಮನೆ ಮಂಜೇಶ್ವರ, ಅಂದರೆ ಕೇರಳ. ಆಟಿ ತಿಂಗಳಲ್ಲಿ ಅಜ್ಜಿ ಪತ್ರೊಡೆ ಮಾಡಿದರೆ ಡಬ್ಬಿ ನೇರ ಬಸ್ ಕಂಡಕ್ಟರ್ ಕೈಗೆ. "ಹುಡುಗ ಚೆಕ್‌ಪೋಸ್ಟ್ ಹತ್ರ ನಿಂತಿರ್ತಾನೆ, ಕೊಟ್ಟುಬಿಡು ಮಗಾ." ಬಸ್ಸು ಪೂರ್ತಿ ನಿಲ್ಲುತ್ತಲೂ ಇರಲಿಲ್ಲ. ಬಾಗಿಲಿನಿಂದಲೇ ಡಬ್ಬಿ ಬರುತ್ತಿತ್ತು, ಹಿಂದೆಯೇ ಅಜ್ಜಿಯ ಬೈಗುಳವೂ ಕಂಡಕ್ಟರ್ ಬಾಯಲ್ಲಿ: "ಹೋದ ವಾರದ ಡಬ್ಬಿ ವಾಪಸ್ ಬಂದಿಲ್ವಂತೆ!"

ಇಲ್ಲಿ ಟ್ರಾಮ್ ಓಡಿಸುವವರಿಗೆ ಒಂದು ಡಬ್ಬಿ ಕೊಟ್ಟು ನೋಡಿ ಮಾರಾಯ್ರೆ! ರಾಜ್ಯದ ಗಡಿಯೇ ಬೇರೆ, ದೇಶದ ಗಡಿಯೇ ಬೇರೆ ಅಂತ ಹೆಂಡತಿ ಹೇಳುತ್ತಾಳೆ. ಹಸಿದ ಹೊಟ್ಟೆಗೆ ಅದು ತಿಳಿಯಬೇಕಲ್ಲ.

ಆ ಕಂಡಕ್ಟರಿಗೆ ನಾವು ಯಾವತ್ತೂ ಒಂದು ರೂಪಾಯಿ ಕೊಟ್ಟವರಲ್ಲ, ಅದನ್ನೂ ಹೇಳಬೇಕು. ಇಲ್ಲಾದರೆ ದುಡಿಮೆಗೆ ಲೆಕ್ಕ ಇದೆ: ಬಾಸೆಲ್‌ನಲ್ಲಿ 2022ರಿಂದ ಕನಿಷ್ಠ ಕೂಲಿಯ ಕಾನೂನಿದೆ, ಗಂಟೆಗೆ 21 ಫ್ರಾಂಕ್‌ನಿಂದ ಶುರುವಾದದ್ದು. ಮತ್ತೆ ನಮ್ಮೂರ ಗಡಿಯೂ ಯಾವಾಗಲೂ ಸಲೀಸಲ್ಲ: 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಇದೇ ತಲಪಾಡಿ ಗಡಿ ಮುಚ್ಚಿದಾಗ ಆಸ್ಪತ್ರೆಗೆ ಹೊರಟ ಆಂಬುಲೆನ್ಸ್‌ಗೇ ದಾರಿ ಇರಲಿಲ್ಲ. ಪತ್ರೊಡೆಯ ಮಾತು ಬಿಡಿ.

ಕೊನೆಗೆ ಕೊಡೆ ಹಿಡಿದು ನಾನೇ ಹೋದೆ. ಮನೆ ಮುಟ್ಟುವಾಗ ದೋಸೆ ಒದ್ದೆ ಟವೆಲಿನ ಹಾಗಾಗಿತ್ತು. ಆದರೂ ಹೆಂಡತಿ ಒಂದೆರಡು ತುತ್ತು ಜಾಸ್ತಿಯೇ ತಿಂದಳು. ಈಗ ಮೇಲಿನ ಮನೆಯ ಬೆಳಗಾವಿಯವರು ಶನಿವಾರಕ್ಕೆ ನಾಲ್ಕು ದೋಸೆ ಹೇಳಿದ್ದಾರೆ. ದುಡ್ಡು ಕೊಡುತ್ತಾರಂತೆ. ತಗೊಂಡರೆ ನಾನೂ ಆಮದು ವ್ಯಾಪಾರಿ ಆಗ್ತೇನೋ ಏನೋ.